ಗೋಡೆ ಹಾರಿದ ಬಾಣಂತಿ

ಗೊತ್ತಿರುವ ಕೆಲಸಕ್ಕೆ ಕೈ ಹಾಕುವಾಗ ನನಗೆ ಯಾವಾಗಲೂ ಸ್ವಲ್ಪ ಅಳುಕು. ಗೊತ್ತಿಲ್ಲದ ಕೆಲಸಕ್ಕೆ ಅದೂ ಇಲ್ಲ. ಇಷ್ಟು ವರ್ಷ ಅಡುಗೆ ಮಾಡಿದರೂ ಬದನೆಕಾಯಿ ಪಲ್ಯಕ್ಕೆ ಉಪ್ಪು ಹಾಕುವಾಗ ಕೈ ತಡೆದು ತಡೆದು ಹಾಕುತ್ತೇನೆ. ಆದರೆ ಮಿಕ್ಸರ್ ಕೆಟ್ಟರೆ ಒಂದು ಗಳಿಗೆಯೂ ಯೋಚಿಸದೆ ಮಗುಚಿ ಹಾಕಿ ಸ್ಕ್ರೂ ಬಿಚ್ಚಿಬಿಡುತ್ತೇನೆ. ಮೂಡಲಗಿಯ ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಕಲಿಸುವುದು ನನ್ನ ನೌಕರಿ. ಅದೇ ಪಾಠವನ್ನು ಎಷ್ಟೋ ಸಲ ಮಾಡಿದ್ದರೂ ಕ್ಲಾಸಿಗೆ ಹೋಗುವ ಮುಂಚೆ ಇನ್ನೊಮ್ಮೆ ಪುಸ್ತಕ ತೆರೆದು ನೋಡದಿದ್ದರೆ ಸಮಾಧಾನವಿಲ್ಲ. ಕೋಳಿ ಸಾಕುವುದರಲ್ಲಿ ಮಾತ್ರ ಹಾಗಾಗಲಿಲ್ಲ. ಅದರ ಓನಾಮವೂ ನನಗೆ ತಿಳಿಯದಿದ್ದ ಕಾರಣ ಧೈರ್ಯಕ್ಕೆ ಕೊರತೆಯೇ ಇರಲಿಲ್ಲ. ಕಳೆದ ಚಳಿಗಾಲದಲ್ಲಿ ಈ ಧೈರ್ಯದಿಂದಾಗಿ ಎರಡು ಮನೆಗಳಲ್ಲಿ ಏನೇನು ನಡೆಯಿತೆಂಬುದನ್ನು ನಾನೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಯಜಮಾನರ ಬಾಯಿಂದ ಬಂದರೆ ಅದಕ್ಕೆ ಮಸಾಲೆ ಜಾಸ್ತಿ.

ಕೋಳಿಗಳು ನನ್ನವಲ್ಲ, ನಮ್ಮ ಅತ್ತೆಯವರವು. ಅತ್ತೆ ಮೇಲವಂಕಿಯವರು. ಬದುಕಿನ ಬಹುಪಾಲು ಬೇರೆಯವರ ಹೊಲದಲ್ಲಿ ದುಡಿದು ಮಗನನ್ನೂ ಮಗಳನ್ನೂ ಓದಿಸಿದವರು. ಮಗ, ಅಂದರೆ ನಮ್ಮ ಯಜಮಾನರು, ಗೋಕಾಕ ಫಾಲ್ಸಿನ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್. ಮಗಳು ಹುಕ್ಕೇರಿಯಲ್ಲಿ ನರ್ಸ್. ಕಲ್ಲೋಳಿಯಲ್ಲಿ ಮನೆ ಕಟ್ಟಿಸಿದ ಮೇಲೆ ಅತ್ತೆಯನ್ನು ಕರೆತಂದು, ಇನ್ನು ಮೇಲೆ ಏನೂ ಮಾಡಬೇಡಿ, ಆರಾಮಾಗಿ ಕೂತುಬಿಡಿ ಎಂದೆವು. ಅವರೂ ಕೆಲವು ದಿನ ನಮ್ಮ ಮಾತಿಗೆ ಬೆಲೆ ಕೊಟ್ಟು ಕೂತರು. ಆಮೇಲೆ ಒಂದು ಸಂತೆಯ ದಿನ ಎದ್ದು ಹೋಗಿ ಜವಾರಿ ಕೋಳಿಗಳನ್ನು ಬುಟ್ಟಿಯಲ್ಲಿ ಹೊತ್ತು ತಂದರು. ಹಿತ್ತಲಲ್ಲಿ ಗೂಡಾಯಿತು, ಗೂಡಿನಲ್ಲಿ ಒಂದು ಹುಂಜ, ಕೆಲವು ಹೇಟೆಗಳು. ಅವುಗಳಲ್ಲಿ ಚುಕ್ಕಿ ಎಂದರೆ ಅತ್ತೆಗೆ ಪ್ರಾಣ. ಕಪ್ಪು ಮೈತುಂಬ ಬಿಳಿ ಚುಕ್ಕೆ ಇದ್ದ ಕೋಳಿ ಅದು. ಅತ್ತೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತರೆ ಬಂದು ಸೆರಗಿನ ಮೇಲೆ ಕೂರುತ್ತಿತ್ತು. ನಾನು ಬಂದು ಕೂತರೆ ಎದ್ದು ಹೋಗುತ್ತಿತ್ತು. ಅದಕ್ಕೆ ನಾನೇನೂ ಬೇಸರ ಮಾಡಿಕೊಂಡಿರಲಿಲ್ಲ; ಕ್ಲಾಸಿನಲ್ಲಿ ಹಿಂದಿನ ಬೆಂಚಿನವರು ಮಾಡುವುದೂ ಅದನ್ನೇ.

ಹಿತ್ತಲಿನ ಗೋಡೆಯಾಚೆ ಈರಪ್ಪ ಕಾಕಾ ಮತ್ತು ನೀಲವ್ವ ಕಾಕಿಯ ಮನೆ. ಕಾಕಾ ಕಲ್ಲೋಳಿಯ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟವರು. ಹಿತ್ತಲಲ್ಲಿ ಎಮ್ಮೆ, ಆಕಳು. ಬೆಳಗಾದರೆ ಲಿಂಗಪೂಜೆ, ಹಣೆಗೆ ವಿಭೂತಿ. ಆ ಮನೆಯಲ್ಲಿ ತತ್ತಿ ಎಂಬ ಶಬ್ದವನ್ನು ಕೂಡ ಯಾರೂ ಆಡುವುದಿಲ್ಲ. ನಮ್ಮ ಹಾಲ್‌ನಲ್ಲಿ ಬುದ್ಧ, ಅವರ ಪಡಸಾಲೆಯಲ್ಲಿ ಬಸವಣ್ಣ. ಇಬ್ಬರಿಗೂ ತಕರಾರಿರಲಿಲ್ಲ. ತಕರಾರು ಇದ್ದದ್ದು ಕೋಳಿಗಳದು. ಅವು ಗೋಡೆ ಹತ್ತಿ ಆಚೆ ಇಣುಕಿದರೆ ಸಾಕು, ಕಾಕಿ ಕಸಬರಿಗೆ ಎತ್ತಿ, "ಯವ್ವಾ ಸುಜಾತಾ, ನಿಮ್ಮ ಮಂದಿ ಬಂದ್ರವಾ" ಎಂದು ಕೂಗುತ್ತಿದ್ದರು. ಎರಡು ಮನೆಗಳ ಎಲ್ಲ ವ್ಯವಹಾರ ಆ ಗೋಡೆಯ ಮೇಲಿಂದಲೇ. ಆ ಕಡೆಯಿಂದ ಸಂಕ್ರಾಂತಿಯ ಎಳ್ಳು ಬರುತ್ತಿತ್ತು, ಈ ಕಡೆಯಿಂದ ಕರಿಬೇವು ಹೋಗುತ್ತಿತ್ತು. ಕಾಕಿ ನಮ್ಮ ಹಿತ್ತಲಿಗೆ ಕಾಲಿಟ್ಟವರಲ್ಲ, ನಾವೂ ಅವರ ಹಿತ್ತಲಿಗೆ ಹೋದವರಲ್ಲ. ಯಾರೂ ಬೇಡ ಎಂದಿರಲಿಲ್ಲ. ಬಾ ಎಂದೂ ಅಂದಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಹುಕ್ಕೇರಿಯಲ್ಲಿ ನಾದಿನಿಗೆ ಹೆರಿಗೆಯಾಯಿತು. ಬಾಣಂತನಕ್ಕೆ ಅತ್ತೆ ಹೊರಟರು. ಬಸ್ ಹತ್ತುವ ಮುಂಚೆ ನನ್ನ ಕೈ ಹಿಡಿದು, "ಸಂಜಿಗೆ ಗೂಡು ಮುಚ್ಚು, ಮುಂಜಾನಿ ತಗಿ, ಕಾಳು ಹಾಕು, ನೀರಿಡು. ಮತ್ತೇನೂ ಮಾಡಾಕ ಹೋಗಬ್ಯಾಡವಾ" ಎಂದರು. ಈ ಕೊನೆಯ ಮಾತೇ ಎಲ್ಲದಕ್ಕಿಂತ ಮುಖ್ಯವಾದದ್ದೆಂದು ನನಗೆ ಆಗ ಹೊಳೆಯಲಿಲ್ಲ. ಏನೂ ಮಾಡದೆ ಇರುವುದು ಓದಿದವರ ಕೈಲಿ ಆಗುವ ಕೆಲಸವೇ?

ಅತ್ತೆ ಹೋದ ಸ್ವಲ್ಪ ದಿನಕ್ಕೆ ಚಳಿ ಬಂತು. ನಮ್ಮ ಕಡೆ ಚಳಿ ಎಂದರೆ ಬೇರೆ ಊರಿನವರು ನಗುತ್ತಾರೆ. ಆದರೆ ಸುತ್ತ ಕಬ್ಬು, ನಡುವೆ ಕಾಲುವೆ. ಬೆಳಗಿನ ಹೊತ್ತು ಆ ಕಬ್ಬಿನ ಮೇಲಿಂದ ಎದ್ದು ಬರುವ ಥಂಡಿಗೆ ಕಲ್ಲೋಳಿ ಸ್ಟ್ಯಾಂಡಿನ ಚಹದಂಗಡಿಯಲ್ಲಿ ಮನುಷ್ಯರ ಮುಖವೇ ಕಾಣುವುದಿಲ್ಲ, ಬರೀ ಮಫ್ಲರು ಮತ್ತು ಕಪ್ಪುಗಳು. ಕಳೆದ ಸಲವಂತೂ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮೂಡಲಗಿ ಬಸ್ಸಿಗೆಂದು ಕೈ ಮಾಡಿದರೆ ಕಬ್ಬಿನ ಟ್ರ್ಯಾಕ್ಟರ್ ಬಂದು ನಿಲ್ಲುತ್ತಿತ್ತು. ಆ ಬೆಳಗುಗಳಲ್ಲಿ ನಮ್ಮ ಕೋಳಿಗಳು ಪುಕ್ಕ ಉಬ್ಬಿಸಿಕೊಂಡು, ಒಂದು ಕಾಲು ಮಡಚಿಕೊಂಡು, ನಮ್ಮ ಪ್ರಿನ್ಸಿಪಾಲರಂತೆ ಗಂಭೀರವಾಗಿ ನಿಂತುಕೊಳ್ಳತೊಡಗಿದವು. ನನಗೆ ನೋಡಲಾಗಲಿಲ್ಲ. ಫೋನ್ ತೆಗೆದು 'ಚಳಿಗಾಲದಲ್ಲಿ ಕೋಳಿ ಸಾಕಣೆ' ಎಂದು ಹುಡುಕಿದೆ.

ಸಿಕ್ಕಿದ ವಿಡಿಯೋ ಯಾವ ದೇಶದ್ದೋ ಏನೋ. ಕೆಂಪು ಟೊಪ್ಪಿಗೆಯ ಹೆಂಗಸೊಬ್ಬಳು ಮೊಣಕಾಲುದ್ದದ ಹಿಮದಲ್ಲಿ ನಡೆಯುತ್ತ, ಸಲಿಕೆಯಿಂದ ದಾರಿ ಮಾಡಿಕೊಳ್ಳುತ್ತ ಕೋಳಿಗೂಡಿಗೆ ಹೋಗುತ್ತಿದ್ದಳು. ಅವಳ ಮಾತನ್ನು ಫೋನ್ ತಾನೇ ಕನ್ನಡ ಮಾಡಿ ಕೆಳಗೆ ಬರೆಯುತ್ತಿತ್ತು. ಅವಳು ಹಿಮ ಎಂದಲ್ಲೆಲ್ಲ ಫೋನು ಮಂಜು ಎಂದು ಬರೆಯಿತು. 'ಮಂಜು ಬೀಳುವ ಮೊದಲೇ ಗೂಡನ್ನು ಭದ್ರ ಮಾಡಿ' ಎಂಬುದನ್ನು ಓದಿ ನಾನು ಕಿಟಕಿಯಿಂದ ನೋಡಿದೆ. ಹೊರಗೆ ಮಂಜು ಬಿದ್ದೇ ಇತ್ತು! ಆಗಲೇ ತಡವಾಗಿಬಿಟ್ಟಿದೆ ಎನಿಸಿತು. ನಿಮಗೆ ನಗು ಬರಬಹುದು. ಆದರೆ ಹಿಮವಾದರೇನು, ಮಂಜಾದರೇನು, ಶಾಖ ಬಿಸಿ ಇರುವಲ್ಲಿಂದ ತಣ್ಣಗಿರುವಲ್ಲಿಗೆ ಹರಿಯುತ್ತದೆ ಎಂಬ ನಿಯಮ ಎರಡೂ ದೇಶಕ್ಕೆ ಒಂದೇ. ಆ ನಿಯಮವನ್ನು ಕಲಿಸಿ ಪಗಾರ ತೆಗೆದುಕೊಳ್ಳುವವಳು ನಾನು.

ಭಾನುವಾರ ಕೆಲಸ ಶುರುವಾಯಿತು. ಗೂಡಿನ ಸುತ್ತ ಗೋಣಿಚೀಲ ಹೊದಿಸಿದೆ. ಅದರ ಮೇಲೆ ಪ್ಲಾಸ್ಟಿಕ್ ತಾಡಪತ್ರಿ ಎಳೆದು ದಾರದಿಂದ ಬಿಗಿದೆ. ಟಿವಿ ತಂದ ಡಬ್ಬದ ಥರ್ಮಾಕೋಲು ಅಟ್ಟದ ಮೇಲಿತ್ತು. ಅದನ್ನು ಕತ್ತರಿಸಿ ಸಂದುಗೊಂದುಗಳಿಗೆಲ್ಲ ತುರುಕಿದೆ. ಒಳಗೊಂದು ಹಳೆಯ ಬಲ್ಬು ತೂಗುಹಾಕಲು ಯಜಮಾನರನ್ನು ಕರೆದೆ. ಅವರು ವೈರು ಹಿಡಿದುಕೊಂಡು ಗೂಡನ್ನು ಮೂರು ಸುತ್ತು ಹಾಕಿ, "ಸುಜಾತಾ, ಒಳಗ ಗಾಳಿ ಎಲ್ಲಿಂದ ಹೋಗತೈತಿ?" ಎಂದರು.

"ಗಾಳಿ ಹೋಗಬಾರ್ದು ಅಂತನs ಇಷ್ಟೆಲ್ಲಾ ಮಾಡಾಕತ್ತೇನಿ."

"ಅವು ಉಸಿರಾಡ್ತಾವಲ್ಲ?"

"ನಿಮಗ ಕರೆಂಟಿಂದು ಗೊತ್ತು, ಉಷ್ಣದ್ದು ನನಗ ಗೊತ್ತು" ಎಂದೆ. ಅವರು ಬಲ್ಬು ಹಾಕಿ ಇಳಿದರು. ಕೆಂಪು ಟೊಪ್ಪಿಗೆಯವಳು ತನ್ನ ಹುಂಜದ ಜುಟ್ಟು ಚಳಿಗೆ ಸೆಟೆಯದಂತೆ ಅದಕ್ಕೆ ವ್ಯಾಸಲೀನ್ ಹಚ್ಚಿದ್ದಳು. ನಾನೂ ನಮ್ಮ ಹುಂಜವನ್ನು ಹಿಡಿದು ಹಚ್ಚಿದೆ. ಬೆಳಿಗ್ಗೆ ಅದು ಗೋಡೆಯ ಮೇಲೆ ನಿಂತಾಗ ಆ ಜುಟ್ಟು ಬಿಸಿಲಿಗೆ ಹೊಳೆಯುವುದನ್ನು ಕಂಡು ಕಾಕಿ, "ಇದಕ್ಕೇನ ಲಗ್ನ ಗಿಗ್ನ ಐತೇನವಾ?" ಎಂದು ಕೇಳಿದರು. ನನ್ನ ಧೈರ್ಯ ಏನೂ ಕುಂದಲಿಲ್ಲ. ಹೊಸ ವಿಚಾರಕ್ಕೆ ಜನ ಮೊದಲು ನಗುತ್ತಾರೆ, ಆಮೇಲೆ ಒಪ್ಪುತ್ತಾರೆ.

ಕೋಳಿಗಳು ಮಾತ್ರ ಒಪ್ಪಲಿಲ್ಲ. ಸಂಜೆ ಗೂಡಿನ ಬಾಗಿಲ ತನಕ ಬರುತ್ತಿದ್ದವು, ಒಳಗೆ ಇಣುಕಿ ನನ್ನ ಮುಖ ನೋಡುತ್ತಿದ್ದವು. ಒಂದೊಂದನ್ನೇ ಹಿಡಿದು ಒಳಗೆ ನೂಕಬೇಕಾಗುತ್ತಿತ್ತು. ಬೆಳಿಗ್ಗೆ ಬಾಗಿಲು ತೆರೆದರೆ ಒಳಗಿನಿಂದ ಬರುವ ಹಬೆ ನನ್ನ ಕನ್ನಡಕವನ್ನು ಮುಚ್ಚುತ್ತಿತ್ತು; ವಾಸನೆಗೆ ಕಣ್ಣಲ್ಲಿ ನೀರು. ಕೋಳಿಗಳು ಸೀನುತ್ತ ಹೊರಬರುತ್ತಿದ್ದವು. ಕೋಳಿ ಸೀನುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವಕ್ಕೆ ನೆಗಡಿ, ಅಂದರೆ ಇನ್ನೂ ಚಳಿ ತಾಗುತ್ತಿದೆ ಎಂದು ಲೆಕ್ಕ ಹಾಕಿ ಇನ್ನೊಂದು ಗೋಣಿಚೀಲ ಹೊದಿಸಿದೆ. ಅಷ್ಟರಲ್ಲಿ ಚುಕ್ಕಿ ತತ್ತಿ ಇಡುವುದನ್ನು ನಿಲ್ಲಿಸಿತ್ತು. ಹಗಲು ಎಲ್ಲಿಗೋ ಹೋಗಿ ಬರುತ್ತಿತ್ತು. ಹೀಗಿರುವಾಗ ಒಂದು ಸಂಜೆ ಅದು ಗೂಡಿಗೆ ಬರಲೇ ಇಲ್ಲ.

ನಾನೂ ಯಜಮಾನರೂ ಹಿತ್ತಲು, ಬೀದಿ, ಕಬ್ಬಿನ ಬದು ಎಲ್ಲ ಹುಡುಕಿದೆವು. ಬೆಕ್ಕಿನ ಮೇಲೆ ಅನುಮಾನಪಟ್ಟೆ, ಮುಂಗುಸಿಯ ಮೇಲೆ ಪಟ್ಟೆ. ಕೊನೆಗೆ ಯಜಮಾನರ ಮೇಲೂ ಪಟ್ಟೆ, ಏಕೆಂದರೆ ಅವರಿಗೆ ಕೋಳಿಸಾರು ಎಂದರೆ ಪ್ರಾಣ. "ನಮ್ಮವ್ವನ ಚುಕ್ಕೀನ ಕೊಯ್ದು ನಾ ಈ ಊರಾಗ ಬದಕ್ತೇನೇನ?" ಎಂದು ಅವರು ಕೇಳಿದ ಮೇಲೆ ಆ ಅನುಮಾನ ಬಿಟ್ಟೆ. ಆದರೆ ಅದೇ ಪ್ರಶ್ನೆ ನನಗೂ ಇತ್ತು. ಹುಕ್ಕೇರಿಯಿಂದ ಅತ್ತೆಯ ಫೋನು ದಿನಾ ಬರುತ್ತಿತ್ತು. ಮೊದಲು ಚುಕ್ಕಿಯ ಯೋಗಕ್ಷೇಮ, ಆಮೇಲೆ ಮಗನದು, ಸಮಯ ಉಳಿದರೆ ನನ್ನದು. ನಾನು ಎಲ್ಲರೂ ಆರಾಮ ಎನ್ನುತ್ತಿದ್ದೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನಾದಿನಿ ಅವರಿಗೆ ವಿಡಿಯೋ ಕಾಲ್ ಕಲಿಸಿಬಿಟ್ಟಳು.

"ಚುಕ್ಕೀನ ತೋರ್ಸು" ಎಂದರು ಅತ್ತೆ, ಫೋನಿನಲ್ಲಿ ಬರೀ ಹಣೆ ಕಾಣಿಸುತ್ತ.

ನಮ್ಮಲ್ಲಿ ಇನ್ನೊಂದು ಕರಿ ಹೇಟೆ ಇತ್ತು, ಚುಕ್ಕೆ ಇಲ್ಲದ್ದು. ಅದನ್ನು ದೂರದಿಂದ, ಹಿಂದಿನಿಂದ, ಗಿಡದ ನೆರಳಿನಲ್ಲಿ ತೋರಿಸಿದೆ.

"ಮಾರಿ ತೋರ್ಸವಾ."

"ಕಾಳು ತಿನ್ನಾಕತ್ತೈತ್ರಿ ಅತ್ತಿ, ಈಗ ಮಾರಿ ಎತ್ತಂಗಿಲ್ಲ."

ಆ ಹಣೆ ಫೋನಿಗೆ ಇನ್ನಷ್ಟು ಹತ್ತಿರ ಬಂತು. "ಆತು ಬಿಡು, ತಿನ್ಲಿ" ಎಂದು ಅತ್ತೆ ಫೋನ್ ಇಟ್ಟರು. ಗೆದ್ದೆ ಎಂದುಕೊಂಡೆ. ಆದರೆ ಅವತ್ತು ಊಟ ಸೇರಲಿಲ್ಲ. ಒಂದು ಕೋಳಿಯಲ್ಲವೇ ಎಂದು ಯಜಮಾನರು ಸಮಾಧಾನ ಹೇಳಿದರು. ಅತ್ತೆಗೆ ಅದು ಒಂದು ಕೋಳಿಯಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಜೀವನವಿಡೀ ಬೇರೆಯವರ ಎತ್ತು, ಬೇರೆಯವರ ಎಮ್ಮೆ, ಬೇರೆಯವರ ಬೆಳೆ ಕಾಯ್ದವರು ತಮ್ಮದು ಎಂದು ಕಟ್ಟಿಕೊಂಡ ಮೊದಲ ಜೀವಗಳು ಅವು.

ಮರುದಿನ ಕಾಲೇಜಿನಿಂದ ಬಂದು ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಗೋಡೆಯಾಚೆಯಿಂದ ಪಿಸುಮಾತು. "ಯವ್ವಾ ಸುಜಾತಾ, ಇಲ್ಲಿ ಬಾ. ಸಪ್ಪಳ ಮಾಡಬ್ಯಾಡ." ನೀಲವ್ವ ಕಾಕಿ. ತಮ್ಮ ಹಿತ್ತಲ ಬಾಗಿಲು ತೆರೆದು ನನ್ನನ್ನು ಒಳಗೆ ಕರೆದು, ಕೈ ಹಿಡಿದು ದನದ ಮನೆಗೆ ಕರೆದೊಯ್ದರು. ಎಮ್ಮೆ, ಆಕಳುಗಳ ಆಚೆ, ಮೂಲೆಯಲ್ಲಿ ಬಳಸದ ಹಳೆಯ ಗೋದಲಿಯೊಂದಿತ್ತು. ದನಗಳಿಗೆ ಮೇವು ಹಾಕುವ ಆ ತೊಟ್ಟಿಯಲ್ಲಿ ಜೋಳದ ಹೊಟ್ಟು ತುಂಬಿತ್ತು. ಹೊಟ್ಟಿನ ನಡುವೆ ಚುಕ್ಕಿ ಮಹಾರಾಣಿಯಂತೆ ಕೂತಿತ್ತು. ಕಾವಿಗೆ ಕೂತಿದೆ! ಇಷ್ಟು ದಿನ ಕದ್ದು ಬಂದು ಅಲ್ಲೇ ತತ್ತಿ ಇಟ್ಟಿತ್ತು. ನನಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಎತ್ತಿಕೊಳ್ಳಲು ಕೈ ಚಾಚಿದೆ. ಚುಕ್ಕಿ ಕುಕ್ಕಿತು. ಕಾಕಿ ನನ್ನ ಕೈಯನ್ನು ಹಿಂದಕ್ಕೆ ಸರಿಸಿದರು.

"ಮುಟ್ಟಬ್ಯಾಡ. ಬಸುರಿ ಬಾಣಂತ್ಯಾರನ್ನ ಥಂಡ್ಯಾಗ ಎಬ್ಬಿಸಿ ಹೊರಗ ಹಾಕ್ತಾರೇನ? ನಾ ಏನ್ ಕರದಿಲ್ಲ, ಅದs ಬಂದು ಕುಂತೈತಿ. ಬಂದಾಕಿನ ಹೋಗು ಅನ್ನಾಕ ನನ್ನ ಕಡಿಂದ ಆಗಲಿಲ್ಲವಾ. ಆದ್ರ ನಮ್ಮ ಮನಿಯವ್ರಿಗೆ ಮಾತ್ರ ಹೇಳಬ್ಯಾಡ. ಗೊತ್ತಾತಂದ್ರ ಮನಿ ತಲಿ ಮ್ಯಾಲೆ ಮಾಡ್ತಾರ. ನಿಮ್ಮತ್ತಿಗೂ ಹೇಳಬ್ಯಾಡ, ಆಕಿ ಫೋನ್ ಮಾಡಿ ಒದರ್ತಾಳ, ಅವರಿಗೆ ಕೇಳತೈತಿ."

ನಾನು ಆಣೆ ಮಾಡಿದೆ. ಮರುದಿನ ಗೋಡೆಯ ಮೇಲಿಂದ ಕಾಕಿ, "ಅಂದಂಗ, ಜ್ವಾಳ ಮುಂಜಾನೆ ನೀನs ಹಾಕಿ ಹೋಗಿದ್ದ್ಯಾ? ಚಲೋ ಆತು" ಎಂದರು. ಗೋದಲಿಯ ಅಂಚಿನಲ್ಲಿ ಒಂದು ಹಿಡಿ ಬಿಳಿಜೋಳ ಇತ್ತಂತೆ. ಯಾರು ಹಾಕಿದ್ದೋ ನನಗೆ ತಿಳಿಯದು. ಹೊಗಳಿಕೆ ಬಂದಾಗ ಬೇಡ ಎನ್ನುವುದು ನನ್ನ ಸ್ವಭಾವವಲ್ಲ. "ಹೂಂ ಕಾಕಿ" ಎಂದೆ.

ಉತ್ತರ ಸಿಗಲು ಬಹಳ ದಿನ ಬೇಕಾಗಲಿಲ್ಲ. ಸಕ್ಕರೆ ತರಲು ಅಂಗಡಿಗೆ ಹೋಗಿದ್ದೆ. ಈರಪ್ಪ ಕಾಕಾ ಬೇರೆ ಗಿರಾಕಿ ಹೋಗುವ ತನಕ ನನ್ನನ್ನು ನಿಲ್ಲಿಸಿಕೊಂಡರು. ಆಮೇಲೆ ಆಚೀಚೆ ನೋಡಿ, ಗಲ್ಲೆಯ ಮೇಲೆ ಬಾಗಿ, "ಅಕ್ಕೋರ, ನಿಮ್ಮ ಕೋಳಿ ನಮ್ಮ ದನದ ಮನ್ಯಾಗ ಇರೂದು ನನಗೂ ಗೊತ್ತೈತಿ" ಎಂದರು.

"ತಪ್ಪಾತ್ರಿ ಕಾಕಾ..."

"ಏ, ಸಣ್ಣಕ ಮಾತಾಡ್ರಿ. ಹಾಲು ಹಿಂಡಾಕ ಹೋದಾಗ ನೋಡೇನಿ. ಕಾವಿಗೆ ಕುಂತೈತಿ, ಏನ್ ಮಾಡೋದು? ದಿನಾ ಒಂದ್ ಹಿಡಿ ಜ್ವಾಳಾ ಹಾಕ್ತೇನಿ. ಬಾಗಲಿಗೆ ಚೀಲಾ ಕಟ್ಟೇನಿ, ಗಾಳಿ ಬರಬಾರ್ದಂತ. ಆದ್ರ ನಮ್ಮಾಕಿಗೆ ಹೇಳಬ್ಯಾಡ್ರಿ. ಆಕೀದು ಮಡಿ ಭಾಳ. ಗೊತ್ತಾದ್ರ ದನದ ಮನಿ ಅಷ್ಟs ಅಲ್ಲ, ಎಮ್ಮೀನೂ ತೊಳೀತಾಳ, ನನ್ನನೂ ತೊಳೀತಾಳ." ಸಕ್ಕರೆ ತೂಗಿ ಕೊಡುತ್ತ, "ಒಂದ್ ಬಟ್ಲಾಗ ನೀರ ಇಟ್ಟೀರಲ್ಲ, ಅದು ಛಲೋ ಮಾಡಿದ್ರಿ" ಎಂದರು. ನೀರು ಇಟ್ಟವರು ಕಾಕಿ. "ಹೂಂ ಕಾಕಾ" ಎಂದೆ.

ಹೀಗೆ ಎರಡು ವಾರಕ್ಕೂ ಮೇಲೆ ನಾನು ಇಬ್ಬರ ಗುಟ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದೆ. ಕಾಕಿ ಬಂದ ದಾರಿಯಲ್ಲಿ ಕಾಕಾ ಬಾರದಂತೆ, ಕಾಕಾ ಹೋದ ಹೊತ್ತಿಗೆ ಕಾಕಿ ಹೋಗದಂತೆ ಗೋಡೆಯ ಬಳಿ ನಿಂತು ಇಬ್ಬರಲ್ಲಿ ಒಬ್ಬರ ಜೊತೆ ಸುಮ್ಮನೆ ಮಾತು ತೆಗೆಯುತ್ತಿದ್ದೆ. ಕಬ್ಬಿನ ದರ, ಹಾಲಿನ ಫ್ಯಾಟು, ಮೊಣಕಾಲು ನೋವು, ಯಾವುದೂ ಉಳಿಯಲಿಲ್ಲ. ಕಾಕಿ ಚುಕ್ಕಿಗೆ ತಮ್ಮ ಹಳೆಯ ಸೀರೆ ಹೊದಿಸಿದರೆ ಕಾಕಾ ಅದು ನನ್ನದೆಂದು ತಿಳಿದು ಹೊಗಳಿದರು. ಕಾಕಾ ಅಂಗಡಿಯ ಬೆಲ್ಲದ ಗೋಣಿಯನ್ನು ಬಾಗಿಲಿಗೆ ಕಟ್ಟಿದರೆ ಕಾಕಿ ನನ್ನ ಬುದ್ಧಿಯನ್ನು ಮೆಚ್ಚಿದರು. ಅಷ್ಟು ಕಡಿಮೆ ಕೆಲಸಕ್ಕೆ ಅಷ್ಟು ಹೊಗಳಿಕೆ ನನಗೆ ಜೀವನದಲ್ಲಿ ಸಿಕ್ಕಿದ್ದು ಅದೇ ಮೊದಲು. ಅದೇ ದಿನಗಳಲ್ಲಿ ಕೆಂಪು ಟೊಪ್ಪಿಗೆಯವಳ ವಿಡಿಯೋದ ಎರಡನೆಯ ಭಾಗವೂ ಸಿಕ್ಕಿತು. 'ಗೂಡಿನ ಮೇಲ್ಭಾಗದಲ್ಲಿ ಗಾಳಿಗೆ ಕಿಂಡಿ ಬಿಡಿ. ಪೂರ್ತಿ ಮುಚ್ಚಿದರೆ ತೇವ ನಿಂತು ಕೋಳಿ ಕಾಯಿಲೆ ಬೀಳುತ್ತವೆ. ಇದು ಎಲ್ಲಕ್ಕಿಂತ ಮುಖ್ಯ' ಎಂದಿದ್ದಳು. ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೊದಲ ಭಾಗದಲ್ಲೇ ಹೇಳಬಾರದೇ? ಯಜಮಾನರು ಡ್ಯೂಟಿಗೆ ಹೋದ ಮೇಲೆ ತಾಡಪತ್ರಿ, ಥರ್ಮಾಕೋಲು ಎಲ್ಲ ಸದ್ದಿಲ್ಲದೆ ಬಿಚ್ಚಿದೆ. ಸೀನುವುದು ನಿಂತಿತು. ಸಂಜೆ ಅವರು ಗೂಡು ನೋಡಿದರು, ನನ್ನನ್ನು ನೋಡಿದರು. ಒಳ್ಳೆಯ ಮನುಷ್ಯ, ಬಿಚ್ಚಿದ ತಾಡಪತ್ರಿಯನ್ನು ಮಡಚಿ ಅಟ್ಟಕ್ಕೆ ಹಾಕಿದರು.

ಆಮೇಲೆ ಬಂದದ್ದು ಆ ಸೋಮವಾರ. ಕಾಕಾನ ಮನೆಗೆ ಮಠದ ಅಯ್ಯನವರು ಪ್ರಸಾದದ ಊಟಕ್ಕೆ ಬರುವವರಿದ್ದರು. ವಯಸ್ಸಾದವರು; ಊರೆಲ್ಲ ಅವರನ್ನು ಅಜ್ಜಾರ ಎನ್ನುತ್ತಿತ್ತು. ಕಾಕಿ ಎರಡು ದಿನದಿಂದ ಮನೆ ತೊಳೆಯುತ್ತಿದ್ದರು. ಅಂದು ಕಾಲೇಜಿಗೆ ರಜೆ. ಬೆಳಿಗ್ಗೆ ಗೋಡೆಯ ಮೇಲೆ ಕಾಕಿಯ ಮುಖ ಮೂಡಿತು, ಬಣ್ಣ ಇಳಿದಿತ್ತು. "ಒಡದಾವವಾ! ಇವತ್ತs ಒಡದು ಕುಂತಾವ! ಚಿಂವ್ ಚಿಂವ್ ಅನ್ನಾಕತ್ತಾವ. ಅಜ್ಜಾರ ಹಿತ್ತಲದಾಗ ಬಿಸಲಿಗೆ ಕುಂತಾರ. ಲಗೂನ ಬಾ, ಹ್ಯಾಂಗರ ಮಾಡಿ ಒಯ್ಯಿ." ಥಂಡಿ ಅಷ್ಟಿತ್ತು ಎಂದು ಅಯ್ಯನವರು ಪಡಸಾಲೆ ಬಿಟ್ಟು ದನದ ಮನೆಯ ಎದುರಿನ ಅಂಗಳದಲ್ಲೇ ಕುರ್ಚಿ ಹಾಕಿಸಿಕೊಂಡಿದ್ದರು.

ನಾನು ಬುಟ್ಟಿಯೊಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮಸ್ಕಾರ ಮಾಡುವ ನೆವದಿಂದ ಹೋದೆ. ಅಯ್ಯನವರು ಬಾಯಿ ತುಂಬ ಮಾತಾಡಿಸಿದರು. ಯಾವ ವಿಷಯ ಕಲಿಸುತ್ತಿ, ಮಕ್ಕಳು ಓದುತ್ತಾರೋ, ಎಲ್ಲ ಕೇಳಿದರು. ನಾನು ದನದ ಮನೆಯ ಕಡೆಗೆ ಸರಿಯುವಂತಿಲ್ಲ. ಆಗ ಒಳಗಿನಿಂದ 'ಚಿಂವ್' ಎಂದಿತು. ಕಾಕಾ ಕೆಮ್ಮಿದರು. ಮತ್ತೆ ಚಿಂವ್. ಒಳಗೆ ಅಡುಗೆಮನೆಯಲ್ಲಿ ಕಾಕಿ ಒಂದು ತಾಟು ಬೀಳಿಸಿದರು. ಚಿಂವ್ ಚಿಂವ್ ಚಿಂವ್. ಕಾಕಾ ಕೆಮ್ಮಿ ಕೆಮ್ಮಿ ಕೆಂಪಾದರು. ಕಾಕಿಯ ಪಾತ್ರೆಗಳೆಲ್ಲ ಒಂದೊಂದಾಗಿ ನೆಲಕ್ಕೆ ಬಿದ್ದವು.

"ಈರಪ್ಪಾ, ಕೆಮ್ಮು ಭಾಳ ಆಗೇತೇನಪಾ?" ಎಂದರು ಅಯ್ಯನವರು.

"ಥಂಡೀರಿ ಅಜ್ಜಾರ, ಥಂಡಿ."

ಅಷ್ಟರಲ್ಲಿ ಬಾಗಿಲಿನ ಗೋಣಿ ಅಲುಗಿತು. ಚುಕ್ಕಿ ಹೊರಗೆ ಬಂದಿತು. ಅದರ ಹಿಂದೆ ಹತ್ತಿಯ ಉಂಡೆಗಳಂತೆ ಮರಿಗಳು, ಒಂದರ ಮೇಲೊಂದು ಮುಗ್ಗರಿಸುತ್ತ. ಚುಕ್ಕಿ ಯಾರಿಗೂ ಹೆದರಲಿಲ್ಲ. ಅಂಗಳದಲ್ಲಿ ಬಿಸಿಲು ಎಲ್ಲಿದೆ ಎಂದು ನೋಡಿತು, ಅಯ್ಯನವರ ಕುರ್ಚಿಯ ಬಳಿ ಇತ್ತು, ಅಲ್ಲಿಗೇ ನಡೆಯಿತು. ಅಡುಗೆಮನೆಯ ಬಾಗಿಲಲ್ಲಿ ಕಾಕಿ ಕಲ್ಲಾಗಿದ್ದರು. ಕಾಕಾನ ಕೆಮ್ಮು ನಿಂತಿತ್ತು. ಒಂದು ಮನೆಯ ಮರ್ಯಾದೆ ಆ ಅಂಗಳದಲ್ಲಿ ಸಣ್ಣ ಕಾಲುಗಳ ಮೇಲೆ ಓಡಾಡುತ್ತಿತ್ತು, ತಂದಿಟ್ಟವಳು ನಾನು.

ಅಯ್ಯನವರು ಬಾಗಿ ನೋಡಿದರು. "ಎಷ್ಟ ಅದಾವ?" ಎಂದು ಕೇಳಿದರು.

"ಏಳ್ರಿ!" ಎಂದರು ಕಾಕಾ. "ಏಳ್ರಿ!" ಎಂದರು ಕಾಕಿ. ಇಬ್ಬರ ದನಿಯೂ ಒಟ್ಟಿಗೇ ಹೊರಟಿತು. ಆಮೇಲೆ ಗಂಡ ಹೆಂಡತಿಯನ್ನು ನೋಡಿದರು, ಹೆಂಡತಿ ಗಂಡನನ್ನು ನೋಡಿದರು.

ಅಯ್ಯನವರಿಗೆ ನಗು ಬಂತು. "ಇಬ್ಬರೂ ಎಣಿಸಿ ಇಟ್ಟೀರಿ ಅಂದ್ಮ್ಯಾಲೆ ಇವು ಮನೀ ಮರಿನs ಆದ್ವು ತಗೋರಿ" ಎಂದರು. ಎದ್ದು ನಿಂತು, "ನಾನs ಬಿಸಲಿಗೆ ಅಡ್ಡ ಕುಂತೇನಿ" ಎನ್ನುತ್ತ ತಮ್ಮ ಕುರ್ಚಿಯನ್ನು ತಾವೇ ನೆರಳಿಗೆ ಎಳೆದುಕೊಂಡರು. ಅಷ್ಟೇ. ಪ್ರಸಾದ ಮಾಡಿ, ಹರಸಿ ಹೋದರು.

ಅವರು ಹೋದ ಮೇಲೆ ಶುರುವಾಯಿತು. "ನಿಮಗ ಯಾವಾಗಿಂದ ಗೊತ್ತು?" "ನಿನಗ ಯಾವಾಗಿಂದ?" "ಆ ಜ್ವಾಳಾ ನಿಮ್ಮದಾ?" "ಆ ಸೀರಿ ನಿನ್ನದಾ?" ಹಾಗೆ ಕೇಳುತ್ತ ಕೇಳುತ್ತ ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು. ಗಂಡ ಹೆಂಡತಿಯರ ಜಗಳದಲ್ಲಿ ಮೂರನೆಯವರು ನಿಲ್ಲಬಾರದು ಎಂಬುದು ಇದಕ್ಕೇ. "ನೀರ ನಾನs ಇಟ್ಟೆ ಅಂದೆಲ್ಲವಾ?" ಎಂದರು ಕಾಕಾ; ನನ್ನನ್ನು ಏಕವಚನದಲ್ಲಿ ಕರೆದದ್ದು ಅವತ್ತೇ ಮೊದಲು. "ಚೀಲಾ ನಾನs ಕಟ್ಟೀನಿ ಅಂದಿ?" ಎಂದು ಕಾಕಿ. ನಾನು ಖಾಲಿ ಬುಟ್ಟಿಯನ್ನು ಮತ್ತೆ ಸೆರಗಿನಲ್ಲಿ ಮುಚ್ಚಿಕೊಂಡೆ. ಕಾಕಿ ನನ್ನ ಮುಖ ನೋಡಿ ನಗಲು ಶುರು ಮಾಡಿದರು, ಕಾಕಾನೂ ನಕ್ಕರು. ಕಾಕಿ ಒಳಗೆ ಹೋಗಿ ಹೋಳಿಗೆಯ ತಾಟು ತಂದು, "ಕುಂಡ್ರು, ಉಂಡು ಹೋಗು" ಎಂದು ಅಲ್ಲೇ ಅಂಗಳದಲ್ಲಿ ಚಾಪೆ ಹಾಸಿದರು. ಅದೂ ಅವತ್ತೇ ಮೊದಲು.

ಅತ್ತೆ ಹುಕ್ಕೇರಿಯಿಂದ ಬಂದಾಗ ನಾನು ಎಲ್ಲವನ್ನೂ ಒಪ್ಪಿಸಿದೆ. ಅವರು ಚುಕ್ಕಿಯನ್ನು ಮಡಿಲಲ್ಲಿ ಕೂರಿಸಿಕೊಂಡು ಕೇಳಿದರು. "ಅವತ್ತು ಫೋನಿನ್ಯಾಗ ನೀ ತೋರ್ಸಿದ್ದು ಚುಕ್ಕಿ ಅಲ್ಲಂತ ನನಗ ಗೊತ್ತಾಗಿತ್ತು. ಸತ್ತಿರಬೇಕು, ಹೇಳಾಕ ನಿನಗ ಧೈರ್ಯ ಸಾಲವಲ್ದು ಅಂತ ತಿಳಕೊಂಡೆ. ಕೇಳಿದ್ರ ನೀ ಅತ್ತುಗಿತ್ತಿ ಅಂತ ಸುಮ್ನಾದೆ" ಎಂದರು. ಹುಕ್ಕೇರಿಯಲ್ಲಿ ಮೊಮ್ಮಗುವಿನ ತೊಟ್ಟಿಲ ಬಳಿ ಅವರು ಒಬ್ಬರೇ ಅತ್ತದ್ದನ್ನು ನಾದಿನಿ ಆಮೇಲೆ ಹೇಳಿದಳು. ನನ್ನೆದುರು ಅತ್ತೆ ಮಾತ್ರ ಕಣ್ಣೊರೆಸಿಕೊಂಡು ನೇರ ನ್ಯಾಯಕ್ಕೆ ಕೂತರು. ಕಾವಿಗೆ ಜಾಗ ಕೊಟ್ಟು ಸಾಕಿದವರಿಗೆ ಮರಿಗಳಲ್ಲಿ ಪಾಲು ಕೊಡುವುದು ಅವರ ಊರಿನ ಪದ್ಧತಿ. "ಮೂರು ಮರಿ ನೀಲವ್ವಂದು. ಹಕ್ಕು ಅಂದ್ರ ಹಕ್ಕು" ಎಂದರು. ಕಾಕಿ ಗೋಡೆಯಾಚೆಯಿಂದ, "ಅಯ್ಯ ಶಿವನ! ನಾವು ತಗೊಂಡು ಏನ್ ಮಾಡೂದವಾ" ಎಂದು ಎಷ್ಟೋ ಹೇಳಿದರು. ಅತ್ತೆ ಬಗ್ಗಲಿಲ್ಲ. ಕೊನೆಗೆ ಮರಿ ಅವರದು, ಗೂಡು ನಮ್ಮದು ಎಂದು ತೀರ್ಮಾನವಾಯಿತು. ಆರಿಸಲು ಕಾಕಿ ನಮ್ಮ ಹಿತ್ತಲಿಗೆ ಬಂದರು, ಅತ್ತೆಯ ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತರು. ಮೊದಲು ಬೇಡವೇ ಬೇಡ ಎಂದವರು, ಆಮೇಲೆ ಸೀರೆ ಆರಿಸುವಂತೆ ಬಹಳ ಹೊತ್ತು ಆರಿಸಿ ಎಲ್ಲಕ್ಕಿಂತ ಚೆಂದದ ಮೂರನ್ನು ತೆಗೆದುಕೊಂಡರು.

ಬೆಳೆದ ಮೇಲೆ ನೋಡಿದರೆ ಮೂರೂ ಹುಂಜ. ಎಂಥ ಹುಂಜ! ನವಿಲಿನ ಬಾಲ, ಪೈಲವಾನರ ಎದೆ. ಅವು ಅಂಗಳದಲ್ಲಿ ನಡೆದರೆ ನಮ್ಮ ಯಜಮಾನರ ಕಣ್ಣು ಜೊತೆಗೇ ನಡೆಯುತ್ತದೆ. ಒಂದು ಭಾನುವಾರ ತಡೆಯಲಾರದೆ ಗೋಡೆಯ ಬಳಿ ಹೋಗಿ, "ಕಾಕಾ, ಹುಂಜ ಮೂರಾದ್ವಲ್ಲ, ಒಂದs ಮನ್ಯಾಗ ಜಗಳಾಡ್ತಾವು..." ಎಂದು ರಾಗ ಎಳೆದರು. ಕಾಕಾ ವಿಭೂತಿಯ ಹಣೆಯನ್ನು ಎತ್ತಿ, "ಅವು ಲಿಂಗಾಯತ ಹುಂಜ. ನೋಡಿದ್ರ ನೋಡಬೇಕು, ಮುಟ್ಟಂಗಿಲ್ಲ" ಎಂದುಬಿಟ್ಟರು. ಹೀಗೆ ಊರಿನಲ್ಲಿ ಆಯಸ್ಸು ಗಟ್ಟಿಯಾಗಿರುವ ಹುಂಜಗಳು ಮೂರೇ, ಮೂರೂ ನಮ್ಮ ಹಿತ್ತಲಲ್ಲಿ ನಮ್ಮ ಕಾಳು ತಿಂದು ಕೂಗುತ್ತವೆ.

ಈಗ ಮತ್ತೆ ಥಂಡಿ ಶುರುವಾಗಿದೆ. ಮೊನ್ನೆ ಕಾಕಾ ಗೋಡೆಯ ಬಳಿ ಬಂದು, "ಅಕ್ಕೋರ, ನಮ್ಮ ಹುಂಜಗೋಳಿಗೆ ಈ ಸಲ ಥಂಡಿಗೆ ಏನ್ ವ್ಯವಸ್ಥಾ ಮಾಡೀರಿ?" ಎಂದು ಕೇಳಿದರು. ಈ ಸಲ ನಾನು ಎರಡೂ ಭಾಗ ನೋಡಿದ್ದೆ. ಶಾಖ ಹೇಗೆ ಹರಿಯುತ್ತದೆ, ಗಾಳಿಗೆ ಎಲ್ಲಿ ಕಿಂಡಿ ಬಿಡಬೇಕು, ತೇವ ಎಲ್ಲಿ ನಿಲ್ಲುತ್ತದೆ ಎಲ್ಲವನ್ನೂ ಅವರಿಗೆ ಬಿಡಿಸಿ ಹೇಳಿದೆ. ಕಾಕಾ ಪೂರ್ತಿ ಕೇಳಿದರು, ತಲೆ ಆಡಿಸಿದರು. "ಭಾಳ ಛಲೋ. ಹಂಗಾದ್ರ ನಿಮ್ಮವು ನಿಮ್ಮ ವಿಜ್ಞಾನದಾಗ ಮಲಗ್ಲಿ, ನಮ್ಮವು ನಮ್ಮ ದನದ ಮನ್ಯಾಗ ಮಲಗ್ಲಿ" ಎಂದರು.

ಆ ಸಂಜೆ ಮೂರು ಹುಂಜಗಳೂ ಗೋಡೆ ಹಾರಿ ಹೋದವು. ಅವು ಹೋದುದನ್ನು ನೋಡಿ ನಮ್ಮ ಹಳೆಯ ಹುಂಜವೂ ಹೇಟೆಗಳೂ ಒಂದೊಂದಾಗಿ ಹಾರಿದವು, ಎಲ್ಲಕ್ಕಿಂತ ಮುಂದೆ ಚುಕ್ಕಿ. ಅತ್ತೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ನಾನು ಹೊಸದಾಗಿ ಕಿಂಡಿ ಬಿಡಿಸಿದ ಗೂಡಿನ ಬಾಗಿಲನ್ನು ಎಳೆದು, ಚಿಲಕ ಹಾಕಿ, ಬಿಗಿಯಾಗಿದೆಯೇ ಎಂದು ಎರಡು ಸಲ ಅಲುಗಿಸಿ ನೋಡಿದೆ. ಡ್ಯೂಟಿಯಿಂದ ಬಂದ ಯಜಮಾನರು ಗಾಡಿ ನಿಲ್ಲಿಸುತ್ತ, "ಒಳಗ ಒಂದ್ ಕೋಳೀನೂ ಇಲ್ಲ. ಯಾಕ ಬಾಗಲಾ ಹಾಕಾಕತ್ತಿ?" ಎಂದರು.

"ಥಂಡಿ ಒಳಗ ಹೋಗತೈತಿ" ಎಂದೆ.